ಭರಣಿಯೊಳಗಿನ ದ್ರಾಕ್ಷಿ: ಉಡುಪಿ ಸೀಮೆಯ ಮದ್ಯದಲ್ಲಿ ನೆನೆಸಿದ ಹಣ್ಣಿನ ಕುರಿತು ಒಂದು ಟಿಪ್ಪಣಿ

ಡಿಸೆಂಬರ್ ಬಂತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಕುಸ್ವಾರಿನ, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳ ಮೇಲೊಂದು ಬರಹ ಕಾಣಿಸಿಕೊಳ್ಳುವುದು ವಾಡಿಕೆ. ಕಲ್ಯಾಣಪುರ, ಶಿರ್ವ, ಮೂಡುಬೆಳ್ಳೆ, ಅತ್ತೂರಿನ ಕ್ರೈಸ್ತ ಮನೆಗಳಲ್ಲಿ ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆಸಿಟ್ಟ ಒಣಹಣ್ಣಿನಿಂದ ಕೇಕ್ ಮಾಡುತ್ತಾರೆ ಎಂಬ ಮಾತು ಅದರಲ್ಲಿ ಇದ್ದೇ ಇರುತ್ತದೆ. ಇದು ತಲತಲಾಂತರದಿಂದ ನಡೆದುಬಂದ ಪದ್ಧತಿ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಮೊದಲ ಮಾತಿಗೆ ತಕರಾರಿಲ್ಲ. ಎರಡನೆಯದನ್ನು ಮಾತ್ರ ಸ್ವಲ್ಪ ನಿಲ್ಲಿಸಿ ವಿಚಾರಿಸಬೇಕಾಗಿದೆ. ಹಣ್ಣೂ ಮದ್ಯವೂ ಒಂದೇ ಭರಣಿಯಲ್ಲಿ ಕೂಡುವುದು ಈ ಸೀಮೆಗೆ ಹೊಸದೇನಲ್ಲ. ಆದರೆ ಅಂಗಡಿಯಿಂದ ಬಾಟಲಿ ತಂದು ಹಣ್ಣಿನ ಮೇಲೆ ಸುರಿಯುವುದು ಸಾಮಾನ್ಯ ಮನೆಗಳ ಮಟ್ಟಿಗೆ ಇತ್ತೀಚಿನದು, ಬಹುಶಃ 1960ರ ದಶಕದ ಕೊನೆಯಿಂದ ಈಚೆಯದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಅಡುಗೆಮನೆಯಲ್ಲೂ ಕಾಯಿದೆಯಲ್ಲೂ ಹುಡುಕಬಹುದು.

ಕುಸ್ವಾರಿನ ತಟ್ಟೆಯಿಂದಲೇ ಶುರು ಮಾಡೋಣ. ನೆವ್ರ್ಯೊ, ಕಿಡಿಯೊ, ಗುಲಿಯೊ, ಕೊಕ್ಕಿಸಾಂ, ಚಕ್ಕುಲಿ, ಎಳ್ಳಿನ ಲಾಡು, ಬಾಳೆಕಾಯಿಯ ಚಿಪ್ಸು. ಲಾಡು ಬಿಟ್ಟರೆ ಉಳಿದದ್ದೆಲ್ಲ ಎಣ್ಣೆಯಲ್ಲಿ ಕರಿದದ್ದು. ಬಾಣಲೆ, ತೆಂಗಿನೆಣ್ಣೆ, ಅಕ್ಕಿಹಿಟ್ಟು ಇಲ್ಲವೆ ಮೈದಾ, ತೆಂಗಿನಹಾಲು ಇದ್ದರೆ ಮುಗಿಯಿತು. ಒಲೆಯ ಮೇಲೆ ಆಗುವ ಅಡುಗೆ ಇದು, ಒಲೆಯ ಒಳಗೆ ಆಗುವುದಲ್ಲ. ಕೇಕಿಗೆ ಓವನ್ ಬೇಕು. ಅದಿಲ್ಲದವರು ಮರಳು ಹರಡಿದ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿದ್ದುಂಟು. ಕೆಂಡದ ಹದ ತಿಳಿದ ಕೈಗೆ ಅದು ಸಾಧ್ಯ, ಆದರೆ ಹಬ್ಬದ ಗಡಿಬಿಡಿಯಲ್ಲಿ ಊರಿನ ಪ್ರತಿ ಮನೆಯಲ್ಲೂ ಆಗುವ ಕೆಲಸವಲ್ಲ. ಬೆಣ್ಣೆ, ಮೊಟ್ಟೆ, ಬೇಕಿಂಗ್ ಪೌಡರು, ಹಲವು ಬಗೆಯ ಒಣಹಣ್ಣು ಒಟ್ಟಿಗೆ ಕೊಳ್ಳುವ ಕೈಯೂ ಬೇಕಿತ್ತು. ಕುಸ್ವಾರಿನ ಬಳಗದಲ್ಲಿ ಕೇಕ್ ತೀರ ಕಿರಿಯ ನೆಂಟ.

ಹಾಗಾದರೆ ಹಬ್ಬದ ಅಡುಗೆಯಲ್ಲಿ ಮದ್ಯಕ್ಕೆ ಜಾಗವೇ ಇರಲಿಲ್ಲವೆ? ಇತ್ತು, ಅದು ಶೇಂದಿಯ ರೂಪದಲ್ಲಿ. ತುಳುವಿನ ಕಲಿ, ಕೊಂಕಣಿಯ ಸುರ್. ಸನ್ನಾ ಎಂಬ ಇಡ್ಲಿಯಂಥ ತಿಂಡಿಯ ಹಿಟ್ಟು ಉಬ್ಬುವುದು ಶೇಂದಿಯಲ್ಲಿರುವ ಯೀಸ್ಟಿನಿಂದ. ಹಂದಿಮಾಂಸದ ಅಡುಗೆಗೆ ಬೀಳುವ ವಿನೆಗರ್ ಕೂಡ ಮೂಲದಲ್ಲಿ ಹುಳಿಯಾದ ಶೇಂದಿಯೇ. ಮೂರ್ತೆದಾರರು ತೆಂಗಿನ ಹೊಂಬಾಳೆಯಿಂದ ಇಳಿಸುವ ರಸ ಮರದಿಂದ ಬರುವಾಗ ಸಿಹಿ. ಗಂಟೆಗಳು ಕಳೆದಂತೆ ಹುದುಗಿ, ದಿನ ತುಂಬುವುದರೊಳಗೆ ಅದರ ಮದ್ಯಾಂಶ ಸುಮಾರು ಶೇ. 4ರಿಂದ 6ಕ್ಕೆ ಏರುತ್ತದೆ. ಅಲ್ಲಿಂದ ಮುಂದೆ ಗಾಳಿಯ ಸಂಪರ್ಕದಲ್ಲಿ ಬ್ಯಾಕ್ಟೀರಿಯಾ ಮದ್ಯವನ್ನು ಹುಳಿಗೆ ತಿರುಗಿಸುತ್ತವೆ. ಅಡುಗೆಯವರು ಈ ಮೂರು ಹಂತಗಳನ್ನೂ ದುಡಿಸಿಕೊಂಡರು. ಸಿಹಿಯಾಗಿದ್ದಾಗ ಕುಡಿಯಲು, ಹುದುಗುವಾಗ ಸನ್ನಾಕ್ಕೆ, ಹುಳಿಯಾದ ಮೇಲೆ ಮಾಂಸಕ್ಕೆ.

ಆದರೆ ಶೇಂದಿಯಲ್ಲಿ ಹಣ್ಣು ನಿಲ್ಲುವುದಿಲ್ಲ. ಹಣ್ಣನ್ನು ಕೆಡದಂತೆ ಹಿಡಿದಿಡಬೇಕಾದರೆ ದ್ರವದಲ್ಲಿ ಮದ್ಯಾಂಶ ಶೇ. 18ರಿಂದ 20ರಷ್ಟಾದರೂ ಇರಬೇಕು. ಶೇಂದಿ ಅದರ ಕಾಲು ಭಾಗದಲ್ಲೇ ನಿಂತು, ಆಮೇಲೆ ಹುಳಿಯತ್ತ ಇಳಿಯುತ್ತದೆ. ಅದರಲ್ಲಿ ಅನಾನಸಿನ ಹೋಳು ಹಾಕಿದರೆ ವಾರದೊಳಗೆ ಸಿಗುವುದು ಅನಾನಸಿನ ವಿನೆಗರ್. ಹಣ್ಣು ನೆನೆಯಲು ಭಟ್ಟಿ ಇಳಿಸಿದ ಮದ್ಯವೇ ಬೇಕು. ಈ ಸೀಮೆಯಲ್ಲಿ ಅದು ಸಾರಾಯಿ, ಸಿಗುತ್ತಿದ್ದದ್ದು ಗಡಂಗಿನಲ್ಲಿ. ಗಡಂಗಿಗೆ ಹೋಗಿ ಹಬ್ಬದ ಅಡುಗೆಗೆಂದು ಸಾರಾಯಿ ತರುವ ಮನೆವಂತರು ಇರಲಿಲ್ಲವೆಂದೇ ಹೇಳಬಹುದು. ದೈವಗಳಿಗೆ ಕಲಿ–ಗಂಗಸರ ಬಡಿಸುವ ಕಡೆ ಮಾತ್ರ ಶೇಂದಿಯೂ ಸಾರಾಯಿಯೂ ಮರ್ಯಾದೆಯಿಂದ ಅಂಗಳ ಹೊಕ್ಕವು. ಅಲ್ಲೂ ಎಳನೀರು, ಬಾಳೆಹಣ್ಣು ಒಂದು ಕಡೆ, ಕಲಿ ಇನ್ನೊಂದು ಕಡೆ. ಎರಡನ್ನೂ ಬೆರೆಸುವ ಯೋಚನೆ ಯಾರಿಗೂ ಬಂದಂತಿಲ್ಲ.

ಬೆರೆಸುವ ಅಗತ್ಯವೂ ಇರಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲೇ ಇಲ್ಲ, ಒಣಗಿಸಿಟ್ಟದ್ದಕ್ಕೂ ಬೂಸ್ಟು ಹತ್ತುತ್ತದೆ. ಹಾಗಾಗಿ ಹಣ್ಣು–ಕಾಯಿಯನ್ನು ಮಳೆಗಾಲ ದಾಟಿಸುವ ಹೊಣೆ ಉಪ್ಪಿನ ಪಾಲಿಗೆ ಬಂತು. ಉಪ್ಪುನೀರಿನ ಮಾವಿನಕಾಯಿ, ಹಲಸಿನ ತೊಳೆಯ ಉಪ್ಪಡ್ ಪಚ್ಚಿಲ್ ಇವೆಲ್ಲ ಅದರ ಸಾಕ್ಷಿ. ಪುನರ್ಪುಳಿಯ ಸಿಪ್ಪೆಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಪಾಕ ಬಿಡಿಸುವುದೂ ಇದೇ ತತ್ತ್ವ. ಸಿಪ್ಪೆಯೊಳಗಿನ ನೀರು ಸಕ್ಕರೆಯ ಕಡೆಗೆ ಹೊರಡುತ್ತದೆ, ಸಕ್ಕರೆ ಸಿಪ್ಪೆಯೊಳಗೆ ಇಳಿಯುತ್ತದೆ. ರಮ್ಮಿನ ಭರಣಿಯಲ್ಲಿ ನಡೆಯುವುದೂ ಇಂಥದೇ ಕೊಡುಕೊಳ್ಳುವಿಕೆ. ಅಂದರೆ ವಿದ್ಯೆ ಇತ್ತು, ಭರಣಿ ಇತ್ತು, ರಮ್ ಇರಲಿಲ್ಲ.

ದ್ರಾಕ್ಷಿಯೂ ಮದ್ಯವೂ ಕೂಡಿದ ಒಂದು ಭರಣಿ ಮಾತ್ರ ಬಹಳ ಹಿಂದಿನಿಂದ ಇದೆ. ಅದು ವೈದ್ಯರ ಮನೆಯದು. ದ್ರಾಕ್ಷಾರಿಷ್ಟದ ಪಾಠ ಶಾರ್ಙ್ಗಧರ ಸಂಹಿತೆಯಲ್ಲಿದೆ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಕೂಡಿಸಿ, ಧಾತಕಿಯ ಹೂ, ಏಲಕ್ಕಿ, ದಾಲ್ಚಿನ್ನಿ ಮುಂತಾದವನ್ನು ಹಾಕಿ, ಬಾಯಿ ಮುಚ್ಚಿ ತಿಂಗಳು ಇಡುವುದು. ಹೊರಗಿನಿಂದ ಒಂದು ಹನಿ ಮದ್ಯವನ್ನೂ ಸೇರಿಸುವುದಿಲ್ಲ, ಅದು ಒಳಗೇ ಹುಟ್ಟುತ್ತದೆ, ಸಾಮಾನ್ಯವಾಗಿ ಶೇ. 5ರಿಂದ 10. ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಕಾಲೇಜಿದೆ, ಮಣಿಪಾಲದಲ್ಲಿ ಮುನಿಯಾಲಿನ ಹೆಸರು ಹೊತ್ತ ಆಯುರ್ವೇದ ಸಂಸ್ಥೆಯಿದೆ. ಆಸವ–ಅರಿಷ್ಟ ಇಲ್ಲಿ ಅಪರಿಚಿತವಾಗಲು ಸಾಧ್ಯವೇ ಇಲ್ಲ. ಮಡಿ–ಮೈಲಿಗೆಯ ಲೆಕ್ಕ ಕಟ್ಟುನಿಟ್ಟಾಗಿದ್ದ ಮನೆಯಲ್ಲೂ ಊಟವಾದ ಮೇಲೆ ಎರಡು ಚಮಚ ದ್ರಾಕ್ಷಾರಿಷ್ಟಕ್ಕೆ ಅಡ್ಡಿಯಿರಲಿಲ್ಲ. ಮದ್ದು ಎಂದರೆ ಮದ್ಯಕ್ಕೂ ಒಳಗೆ ಪ್ರವೇಶ.

ಕ್ರೈಸ್ತರ ಮನೆಯ ದ್ರಾಕ್ಷಿ ವೈನು ಈ ಅರಿಷ್ಟದ ಹತ್ತಿರದ ಸಂಬಂಧಿ. ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಆರಿಸಿದ ನೀರು, ಯೀಸ್ಟು, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಿ, ಮೂರು ವಾರದ ಆಸುಪಾಸಿನಲ್ಲಿ ಸೋಸುವುದು. ಇಲ್ಲೂ ಮದ್ಯ ಒಳಗೇ ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯ. ಉಳಿದ ಸಕ್ಕರೆ ಉಳಿದು ವೈನು ಸಿಹಿಯಾಗುತ್ತದೆ. ನಿಜವಾಗಿ ಮದ್ಯ ಹೀರಿದ ಹಣ್ಣು ಎಂದರೆ ಸೋಸಿದ ಬಟ್ಟೆಯಲ್ಲಿ ಉಳಿಯುವ ಆ ದ್ರಾಕ್ಷಿಯ ಸಿಪ್ಪೆ–ತಿರುಳು. ಅದನ್ನು ಯಾರೂ ತಟ್ಟೆಯಲ್ಲಿಟ್ಟು ಬಡಿಸುವುದಿಲ್ಲ, ತೆಂಗಿನ ಬುಡಕ್ಕೆ ಹಾಕುತ್ತಾರೆ. ಹಣ್ಣು ಇಲ್ಲಿ ಮದ್ಯಕ್ಕೆ ಕಚ್ಚಾವಸ್ತು, ಮದ್ಯ ಹಣ್ಣಿಗೆ ಅಲಂಕಾರವಾಗಿರಲಿಲ್ಲ. (ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಹಬ್ಬದ ಹೊತ್ತಿಗೆ ಮನೆವೈನು ಮಾರಾಟಕ್ಕಿಡುವವರು ಇದನ್ನು ಮರೆಯುವುದುಂಟು.)

ಇನ್ನು ಕಾಯಿದೆಯ ವಿಚಾರ. ನನ್ನ ವಾದ ಹೆಚ್ಚು ಆತುಕೊಂಡಿರುವುದು ಇದರ ಮೇಲೆ. ಇಂದಿನ ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಇದೆಲ್ಲ ದಕ್ಷಿಣ ಕನ್ನಡ, 1956ಕ್ಕೆ ಮೊದಲು ಮದ್ರಾಸ್ ಆಡಳಿತದ ಸೌತ್ ಕೆನರಾ. ಮದ್ರಾಸಿನಲ್ಲಿ ಪಾನನಿಷೇಧ 1937ರಲ್ಲಿ ಸೇಲಂ ಜಿಲ್ಲೆಯಿಂದ ಮೊದಲಾಗಿ, ನಡುವೆ ನಿಂತು, ಮತ್ತೆ ಹಂತಹಂತವಾಗಿ ಹರಡಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. ರಾಜ್ಯ ಪುನರ್ವಿಂಗಡಣೆಯಾಗಿ ಮೈಸೂರಿಗೆ ಸೇರಿದ ಮೇಲೂ ಕರಾವಳಿಗೆ ತಕ್ಷಣ ಬಿಡುಗಡೆ ಸಿಗಲಿಲ್ಲ. 1965ರ ಅಬಕಾರಿ ಕಾಯಿದೆ ಬಂದು, ಆ ದಶಕದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟ ಮೇಲೆಯೇ ಪರವಾನಗಿ ಅಂಗಡಿಯ ಬಾಟಲಿ ಉಡುಪಿ–ಕಾರ್ಕಳದ ಸಾಮಾನ್ಯ ಗಿರಾಕಿಯ ಕೈಗೆಟುಕಿತು.

ಮುಂಬಯಿಯಿಂದ ಬಂದಿರಬಾರದೆ ಎಂದು ಕೇಳಬಹುದು. ಶಿರ್ವ, ಬೆಳ್ಳೆ, ಕಾಪು ಕಡೆಯ ಕುಟುಂಬಗಳಿಗೆ ಮುಂಬಯಿ ಎರಡನೆಯ ಊರು. ಕೇಕಿನ ರುಚಿ, ಬೇಕರಿಯ ಅಭ್ಯಾಸ ಅಲ್ಲಿಂದ ಬಂದಿರುವುದು ಸಹಜವೇ. ಆದರೆ ಮುಂಬಯಿಯೂ ಅದೇ ಕಾಲಕ್ಕೆ ಒಣಗಿತ್ತು. ಅಲ್ಲಿನ ಪಾನನಿಷೇಧ ಕಾಯಿದೆ 1949ರದು, ಪರ್ಮಿಟ್ಟಿನ ಬಿಗಿ ಸಡಿಲವಾಗಲು 1960ರ ದಶಕ ಬರಬೇಕಾಯಿತು. ಇಂದು ಕ್ರಿಸ್ಮಸ್ ಕೇಕಿನ ಮಾತು ಬಂದಾಗಲೆಲ್ಲ ನಾಲಿಗೆಗೆ ಬರುವ ಓಲ್ಡ್ ಮಂಕ್ ರಮ್ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಆ ವರ್ಷ ಊರಿನಲ್ಲೂ ಪಾನನಿಷೇಧ, ಮುಂಬಯಿಯಲ್ಲೂ ಪಾನನಿಷೇಧ. ಪೋರ್ಚುಗೀಸರ ಗೋವಾ ಬಡಗಲಲ್ಲಿ, ಅದೇ ವರ್ಷದವರೆಗೆ ಫ್ರೆಂಚರ ಕೈಯಲ್ಲಿದ್ದ ಮಾಹೆ ತೆಂಕಲಲ್ಲಿ, ಈ ಎರಡು ಕಡೆ ಬಾಟಲಿಗೆ ಅಡ್ಡಿಯಿರಲಿಲ್ಲ. ಪರ್ಮಿಟ್ಟು ಇದ್ದವರು, ಸೇನೆಯ ಕ್ಯಾಂಟೀನಿನ ಸಂಪರ್ಕವಿದ್ದವರು, ಗುಟ್ಟಾಗಿ ತರಿಸಿಕೊಂಡವರು ಇದ್ದಿರಲೇಬೇಕು. ಗುಟ್ಟಾಗಿ ಬಂದ ಬಾಟಲಿಯನ್ನು ಕುಡಿಯುತ್ತಾರೆ, ಒಣದ್ರಾಕ್ಷಿಯ ಮೇಲೆ ಸುರಿದು ಎರಡು ತಿಂಗಳು ಅಟ್ಟದ ಮೇಲಿಡುವುದಿಲ್ಲ. ಊರೆಲ್ಲ ಮಾಡುವ ಪದ್ಧತಿಯೊಂದು ಅಂಥ ಬಾಟಲಿಯಿಂದ ಹುಟ್ಟುವುದಿಲ್ಲ.

ನನ್ನ ಈ ತೀರ್ಮಾನಕ್ಕೆ ಎದುರಾಗಿ ನಿಲ್ಲಬಲ್ಲ ಹಳೆಯ ಕಥೆಯೊಂದು ತಲಶ್ಶೇರಿಯದು. ಭಾರತದ ಮೊದಲ ಕ್ರಿಸ್ಮಸ್ ಕೇಕ್ ಎಂದು ಹೇಳಲಾಗುವ ಅದನ್ನು 1883ರಲ್ಲಿ ಮಾಂಬಳ್ಳಿ ಬಾಪು ತನ್ನ ರಾಯಲ್ ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ಮಾಡಿದ. ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕನ್ನು ಮಾದರಿಗೆಂದು ಕೊಟ್ಟನಂತೆ. ಮಾಹೆಯಿಂದ ಫ್ರೆಂಚ್ ಬ್ರಾಂದಿ ತರಿಸು ಎಂದದ್ದನ್ನು ಬದಿಗಿಟ್ಟ ಬಾಪು, ಗೇರುಹಣ್ಣು ಮತ್ತು ಕದಳಿ ಬಾಳೆಯಿಂದ ಇಳಿಸಿದ ನಾಡಮದ್ಯ ಬಳಸಿದನೆಂದು ಆ ಮನೆತನದವರು ಹೇಳುತ್ತ ಬಂದಿದ್ದಾರೆ. ಈ ಕಥೆಯನ್ನು ಬರೆಯುವವರು ಬ್ರೌನನನ್ನು ಅಂಜರಕಂಡಿ ದಾಲ್ಚಿನ್ನಿ ತೋಟದ ಸ್ಥಾಪಕನೊಡನೆ ಒಂದಾಗಿಸುವುದುಂಟು. ಆ ತೋಟ ಏಳುವಾಗ 18ನೇ ಶತಮಾನ ಇನ್ನೂ ಮುಗಿದಿರಲಿಲ್ಲ. ಆಗಲೇ ಮೇಲ್ವಿಚಾರಕನಾಗಿದ್ದ ವ್ಯಕ್ತಿ 1883ರಲ್ಲಿ ಕೇಕ್ ಹಿಡಿದುಕೊಂಡು ಬೇಕರಿಗೆ ಬರಲಾರ. ಬಂದಿದ್ದರೆ ಅದೇ ಹೆಸರಿನ ಮುಂದಿನ ತಲೆಮಾರಿನವನು. ಇದನ್ನು ಬದಿಗಿಟ್ಟರೂ ತಲಶ್ಶೇರಿಯ ಕಥೆ ನನ್ನ ವಾದವನ್ನು ಕೆಡಿಸುವುದಿಲ್ಲ. ಅದು ಬೇಕರಿಯೊಂದರ ಕಥೆ, ಓವನ್ ಇದ್ದವನ ಕಥೆ, ಯುರೋಪಿಯನ್ ಗಿರಾಕಿಯ ಕಥೆ. ಮನೆಯ ಕಥೆ ಬೇರೆ.

ಇನ್ನೊಂದು ಆಸೆ ಹುಟ್ಟಿಸುವ ದಾರಿ ಬಾಸೆಲ್ ಮಿಷನ್ನಿನದು. ಜರ್ಮನ್ ಮನೆಗಳಲ್ಲಿ ಬೇಸಿಗೆಯಿಂದ ಶುರುಮಾಡಿ, ಒಂದೊಂದು ಹಣ್ಣು ಮಾಗಿದ ಹಾಗೆ ಸಕ್ಕರೆಯೊಡನೆ ರಮ್ಮಿನ ಮಣ್ಣುಭರಣಿಗೆ ಪದರಪದರವಾಗಿ ಸೇರಿಸಿ, ಕ್ರಿಸ್ಮಸ್ಸಿಗೆ ತೆಗೆಯುವ ರಮ್‌ಟೋಪ್ಫ್ ಎಂಬ ಪದ್ಧತಿಯಿದೆ. ಬಾಸೆಲ್ ಮಿಷನ್ ಮಂಗಳೂರಿಗೆ 1834ರಲ್ಲಿ, ಉಡುಪಿಗೆ 1854ರಲ್ಲಿ ಬಂತು, ಮಲ್ಪೆಯಲ್ಲಿ ಹೆಂಚಿನ ಕಾರ್ಖಾನೆ ನಡೆಸಿತು. ಭರಣಿ, ಜರ್ಮನ್ ಪಾದ್ರಿ, ಕ್ರಿಸ್ಮಸ್ ಮೂರನ್ನೂ ಒಂದು ದಾರದಲ್ಲಿ ಪೋಣಿಸಿಬಿಡುವುದು ಸುಲಭ. ಆದರೆ ಈ ಮಿಷನ್ ಮದ್ಯದ ವಿಷಯದಲ್ಲಿ ಬಿಗಿ. ಮತಾಂತರಗೊಂಡ ಬಿಲ್ಲವರು ಮೂರ್ತೆ ಬಿಡಬೇಕಾಯಿತು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಎದ್ದದ್ದಕ್ಕೆ ಕುಲಕಸುಬು ಬಿಟ್ಟವರಿಗೆ ಕೆಲಸ ಒದಗಿಸುವುದೂ ಒಂದು ಕಾರಣ. ಮರವೇರುವುದನ್ನು ಬಿಡಿಸಿದವರು ಭರಣಿಗೆ ರಮ್ ಹೊಯ್ಯುವುದನ್ನು ಕಲಿಸಿದರು ಎನ್ನಲು ಹೋಲಿಕೆಯೊಂದೇ ಸಾಲದು.

ಈಗ ಭರಣಿಯ ಮುಚ್ಚಳ ತೆಗೆದು ನೋಡೋಣ. ವಿಜಾಪುರ ಸೀಮೆಯ ಒಣದ್ರಾಕ್ಷಿ 250 ಗ್ರಾಂ, ರಮ್ಮಿನ ಒಂದು ಕ್ವಾರ್ಟರು ಅಂದರೆ 180 ಮಿ.ಲೀ. ಬಾಟಲಿಯ ಚೀಟಿಯಲ್ಲಿ 42.8 ಎಂದಿರುತ್ತದೆ, ನೂರು ಪಾಲು ದ್ರವದಲ್ಲಿ ಅಷ್ಟು ಪಾಲು ಮದ್ಯ. ಒಣದ್ರಾಕ್ಷಿಯಲ್ಲಿ ನೀರು ಸುಮಾರು ಶೇ. 15, ಸಕ್ಕರೆ ಶೇ. 65ರಿಂದ 70. ಒಣಗಿಸುವ ಮೊದಲು ಹಣ್ಣನ್ನು ಎಣ್ಣೆ–ಕ್ಷಾರದ ದ್ರಾವಣದಲ್ಲಿ ಅದ್ದಿರುತ್ತಾರೆ, ಸಿಪ್ಪೆಯ ಮೇಣ ಸಡಿಲವಾಗಿ ಬೇಗ ಒಣಗಲಿ ಎಂದು. ಅದರ ಉಳಿಕೆ ಹೋಗಲು ಬೆಚ್ಚನೆ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ತೊಟ್ಟು ಉಳಿದಿದ್ದರೆ ಕಿತ್ತುಹಾಕಬೇಕು. ಒದ್ದೆ ಹಣ್ಣು ಹಾಕಿದರೆ ರಮ್ಮಿಗೆ ನೀರು ಬೆರೆಸಿದ ಹಾಗೆಯೇ.

ಮೊದಲ ದಿನ ಹಣ್ಣು ತಳಕ್ಕೆ ಕೂತು, ರಮ್ ಮೇಲೆ ತಿಳಿಯಾಗಿ ನಿಂತಿರುತ್ತದೆ. ರಮ್ಮಿನ ನೀರೂ ಮದ್ಯವೂ ಸಿಪ್ಪೆಯ ಬಿರುಕುಗಳಿಂದ ಒಳಗಿಳಿಯುತ್ತವೆ, ಒಳಗಿನ ಸಕ್ಕರೆ ಹೊರಗೆ ಬರುತ್ತದೆ. ದಿನ ಕಳೆದಂತೆ ದ್ರವದ ಮಟ್ಟ ಹಣ್ಣಿನ ಕೆಳಗಿಳಿದು ಮೇಲಿನ ಪದರ ತೇವವಿಲ್ಲದೆ ಮಂಕಾಗಿ ಕಾಣುತ್ತದೆ. ಭರಣಿಯನ್ನು ಬೋರಲಾಗಿಸಿ ಆಡಿಸುವುದು ಅದಕ್ಕೇ. ವಾರದ ಮೇಲೆ ಸುಕ್ಕು ತುಂಬಿ ದ್ರಾಕ್ಷಿ ಉರುಟಾಗುತ್ತದೆ, ಬೆರಳಲ್ಲಿ ಒತ್ತಿದರೆ ಪುಟಿಯುತ್ತದೆ. ರಮ್ ಮಾತ್ರ ರಮ್ಮಾಗಿ ಉಳಿದಿರುವುದಿಲ್ಲ, ಚಮಚಕ್ಕೆ ಅಂಟುವಷ್ಟು ದಪ್ಪದ ಪಾಕವಾಗಿರುತ್ತದೆ. ಹಳೆಯ ಭರಣಿಯ ತಳದಲ್ಲಿ ಕೆಲವೊಮ್ಮೆ ಗಾಜಿನ ಪುಡಿಯಂಥ ಹರಳು ಸಿಗುತ್ತದೆ. ಗಾಬರಿಗೊಂಡು ಎಲ್ಲವನ್ನೂ ಚೆಲ್ಲಿದವರಿದ್ದಾರೆ. ದ್ರಾಕ್ಷಿಯಲ್ಲಿ ಸಹಜವಾಗಿರುವ ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ ಅದು. ನೀರಿನಲ್ಲಿ ಕರಗುವಷ್ಟು ಮದ್ಯದಲ್ಲಿ ಕರಗದು, ಹಾಗಾಗಿ ಹರಳುಗಟ್ಟಿ ಕೂರುತ್ತದೆ. ತಿಂದರೆ ಕೆಡುಕಿಲ್ಲ, ಹಲ್ಲಿಗೆ ಮಾತ್ರ ಕರಕರ.

ಲೆಕ್ಕ ಹಾಕೋಣ. 180 ಮಿ.ಲೀ. ರಮ್ಮಿನಲ್ಲಿ ಶುದ್ಧ ಮದ್ಯ 77 ಮಿ.ಲೀ., ತೂಕದಲ್ಲಿ ಸುಮಾರು 61 ಗ್ರಾಂ. ಹಣ್ಣಿನ ನೀರು, ಕರಗಿದ ಸಕ್ಕರೆ ಹಿಡಿಯುವ ಜಾಗ ಎಲ್ಲ ಸೇರಿಸಿದರೂ ಭರಣಿಯೊಳಗಿನ ಮದ್ಯಾಂಶ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. ಹುದುಗಲು ಅಷ್ಟರಲ್ಲಿ ಯಾವ ಯೀಸ್ಟಿಗೂ ಆಗದು, ಬೂಸ್ಟೂ ಬರದು. ರಮ್ಮಿನ ಬದಲು ಮನೆವೈನು ಸುರಿದರೆ ಕಥೆಯೇ ಬೇರೆ. ಶೇ. 12ರ ವೈನು ಹಣ್ಣಿನೊಡನೆ ಸೇರಿ ಶೇ. 7ಕ್ಕೆ ಇಳಿಯುತ್ತದೆ, ಸಕ್ಕರೆ ಧಾರಾಳವಾಗಿರುತ್ತದೆ, ನಮ್ಮ ಸೆಕೆಗೆ ಭರಣಿ ಮತ್ತೆ ನೊರೆಯೇಳುತ್ತದೆ. ವೈನಿನಲ್ಲಿ ನೆನೆಸುವುದಿದ್ದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಬಳಸಬೇಕು. ಪರವಾನಗಿಯಿಲ್ಲದ ಭಟ್ಟಿಯ ಸರಕನ್ನಂತೂ ಹತ್ತಿರ ಸೇರಿಸಬಾರದು. ಅದರಲ್ಲಿ ಮೆಥನಾಲ್ ಇದ್ದರೆ ಎಷ್ಟು ದಿನ ನೆನೆಸಿದರೂ ಹೋಗುವುದಿಲ್ಲ.

ಬೇಯಿಸಿದರೆ ಮದ್ಯವೆಲ್ಲ ಹಾರಿಹೋಗುತ್ತದೆ, ಮಕ್ಕಳಿಗೆ ಕೊಡಬಹುದು ಎಂಬ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತದೆ. ಅಮೆರಿಕದ ಕೃಷಿ ಇಲಾಖೆ ಬಳಸುವ ಕೋಷ್ಟಕದ ಪ್ರಕಾರ, ಹಿಟ್ಟಿಗೆ ಬೆರೆಸಿ ಒಂದು ಗಂಟೆ ಬೇಯಿಸಿದ ಮೇಲೂ ಮದ್ಯದ ಕಾಲು ಭಾಗ ಉಳಿಯುತ್ತದೆ, ಎರಡೂವರೆ ಗಂಟೆಗೆ ಶೇ. 5. ನಮ್ಮ ಭರಣಿಯ 61 ಗ್ರಾಂ ಪೂರ್ತಿ ಕೇಕಿಗೆ ಹೋಯಿತೆಂದರೆ ಗಂಟೆಯ ಬಳಿಕ ಸುಮಾರು 15 ಗ್ರಾಂ ಉಳಿದಿರುತ್ತದೆ. ಇಪ್ಪತ್ತು ತುಂಡು ಮಾಡಿದರೆ ತುಂಡಿಗೆ ಮುಕ್ಕಾಲು ಗ್ರಾಂ. ಅಲ್ಪ ಹೌದು, ಸೊನ್ನೆ ಅಲ್ಲ. ಆದರೆ ಬೆಂದ ಕೇಕಿನ ಮೇಲೆ ‘ಮೃದುವಾಗಲಿ’ ಎಂದು ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ರಮ್ ಚಿಮುಕಿಸುತ್ತಾರಲ್ಲ, ಅದರಲ್ಲೇ 10 ಗ್ರಾಂ ಮದ್ಯವಿದೆ. ಬೆಂಕಿ ಕಂಡ ಒಂದು ಕ್ವಾರ್ಟರಿನಲ್ಲಿ ಉಳಿದ ಮದ್ಯದ ಮೂರನೇ ಎರಡು ಪಾಲನ್ನು ಬೆಂಕಿ ಕಾಣದ ಆ ಎರಡು ಚಮಚವೇ ತುಂಬಿಸಿಬಿಡುತ್ತದೆ. ಭರಣಿಯಿಂದ ನೇರ ಬಾಯಿಗೆ ಹಾಕಿಕೊಳ್ಳುವವರ ಲೆಕ್ಕ ಇನ್ನೂ ಸರಳ. ಪಾಕ ಸಹಿತ 70 ಗ್ರಾಂ ದ್ರಾಕ್ಷಿ, ಅಂದರೆ ಸಣ್ಣ ಐಸ್‌ಕ್ರೀಂ ಬಟ್ಟಲಿನಷ್ಟು, ಒಂದು 30 ಮಿ.ಲೀ. ಪೆಗ್ಗಿಗೆ ಸಮ.

ಅಕ್ಟೋಬರ್–ನವೆಂಬರಿನಲ್ಲಿ ದೊಡ್ಡ ಮೇಜಿನ ಮೇಲೆ ಒಣಹಣ್ಣು ರಾಶಿ ಹಾಕಿ, ಕೈಗವಸು ತೊಟ್ಟು, ಬಾಟಲಿ ಸುರಿದು ಕಲಸುವ ‘ಕೇಕ್ ಮಿಕ್ಸಿಂಗ್’ ಹೋಟೆಲು ಉದ್ಯಮದ ಆಚರಣೆ. 1980ರ ದಶಕದಿಂದ ಹೋಟೆಲ್ ಆಡಳಿತ ಕಲಿಸುತ್ತಿರುವ ಮಣಿಪಾಲಕ್ಕೆ ಅದು ಚೆನ್ನಾಗಿ ಗೊತ್ತು. ಮನೆಯ ಭರಣಿಗೂ ಈ ಮೇಜಿಗೂ ಇರುವ ಸಂಬಂಧವನ್ನು ಹಿರಿದು ಮಾಡಬೇಕಾಗಿಲ್ಲ, ಫೋಟೋ ಚೆನ್ನಾಗಿ ಬರುತ್ತದೆ ಎಂಬುದೇ ಅದರ ಮುಖ್ಯ ಪ್ರಯೋಜನ. ಮಣಿಪಾಲ ಈ ಚರಿತ್ರೆಗೆ ನಿಜವಾಗಿ ಸೇರಿಸಿದ್ದು ತಾಜಾ ಹಣ್ಣನ್ನು. ವಿದ್ಯಾರ್ಥಿಗಳ ಪಾರ್ಟಿಯ ಕಲ್ಲಂಗಡಿ, ವೋಡ್ಕಾ ಹೀರಿದ ಅನಾನಸು. ಗಡ್‌ಬಡ್ ಐಸ್‌ಕ್ರೀಮಿನ ಜಿಲ್ಲೆಯಲ್ಲಿ, ಬಾಳೆಹಣ್ಣಿನ ರಸಾಯನವಿಲ್ಲದೆ ಊಟ ಮುಗಿಯದ ಊರಿನಲ್ಲಿ, ಹಣ್ಣಿನ ಬಟ್ಟಲಿಗೆ ಇದೊಂದು ಹೊಸ ಅವತಾರ.

ತಾಜಾ ಹಣ್ಣು ಒಣಹಣ್ಣಿನ ಹಾಗೆ ವರ್ತಿಸುವುದಿಲ್ಲ. ಒಣದ್ರಾಕ್ಷಿ ಬಾಯಾರಿದೆ, ಕುಡಿಯುತ್ತದೆ. ಅನಾನಸಿನಲ್ಲಿ ಆಗಲೇ ಶೇ. 86ರಷ್ಟು ನೀರಿದೆ. ಅದು ಮದ್ಯವನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ತನ್ನ ನೀರನ್ನು ಹೊರಗೆ ಬಿಡುತ್ತದೆ, ಹೋಳು ತುಸು ಕುಗ್ಗಿ ಬಿಗಿಯಾಗುತ್ತದೆ, ಹೊರಗಿನ ಮದ್ಯ ತೆಳುವಾಗುತ್ತದೆ. ಒಂದು ಕಿಲೋ ಹೋಳಿಗೆ ಅರ್ಧ ಬಾಟಲಿ, ಅಂದರೆ 375 ಮಿ.ಲೀ. ಹಾಕಿದರೆ ಕೊನೆಗೆ ನಿಲ್ಲುವುದು ಶೇ. 13ರಲ್ಲಿ. 750ರ ಪೂರ್ತಿ ಬಾಟಲಿ ಹಾಕಿದರೆ ಶೇ. 20, ಕೆಡದಿರುವ ಗೆರೆಯ ಮೇಲೆ ಸರಿಯಾಗಿ. ನಾಳೆಯ ಪಾರ್ಟಿಗಾದರೆ ಅರ್ಧ ಬಾಟಲಿಯೂ ಫ್ರಿಜ್ಜೂ ಸಾಕು, ತಿಂಗಳು ಇಡುವುದಾದರೆ ಹಣ್ಣಿನ ತೂಕಕ್ಕೆ ಸರಿಸಮ ಮದ್ಯ ಬೇಕು.

ಕಲ್ಲಂಗಡಿಯ ಹುಚ್ಚು ಮಾತ್ರ ನನಗೆ ಅರ್ಥವಾಗಿಲ್ಲ. ತೂತು ಕೊರೆದು ಬಾಟಲಿ ಬೋರಲಿಟ್ಟರೆ ಮದ್ಯ ಹಣ್ಣಿಗೆಲ್ಲ ಸಮನಾಗಿ ಹರಡುವುದಿಲ್ಲ. ತೂತಿನ ಸುತ್ತ, ಬೀಜದ ಸಂದುಗಳಲ್ಲಿ ನಿಂತುಬಿಡುತ್ತದೆ. 2 ಕಿಲೋ ತಿರುಳಿಗೆ 180 ಮಿ.ಲೀ. ಹಾಕಿದರೆ ಸರಾಸರಿ ತೂಕದಲ್ಲಿ ಶೇ. 3ರೊಳಗೆ ಇರುತ್ತದೆ. ಆದರೆ ಒಬ್ಬನ ತಟ್ಟೆಗೆ ಬರೀ ಕಲ್ಲಂಗಡಿ, ಇನ್ನೊಬ್ಬಳ ತಟ್ಟೆಗೆ ಎರಡು ಪೆಗ್ಗು ಬೀಳಬಹುದು. ಸಿಹಿ, ತಂಪು ಎರಡೂ ಸೇರಿ ಖಾರ ಗೊತ್ತಾಗದು, ಹೊಟ್ಟೆ ಸೇರಿದ ಮೇಲಷ್ಟೇ ಲೆಕ್ಕ ಸಿಗುತ್ತದೆ. ಹುಳಿ ಕಡಿಮೆಯಿರುವ ಹಣ್ಣಾದ್ದರಿಂದ ಅಷ್ಟು ಮದ್ಯ ಅದನ್ನು ಕಾಪಾಡುವುದೂ ಇಲ್ಲ. ಅಳತೆ ಗೊತ್ತಿರಬೇಕೆಂದರೆ ಹೋಳು ಮಾಡಿ, ಅಳೆದು ಸುರಿದು, ಅಗಲ ಪಾತ್ರೆಯಲ್ಲಿ ಕೆಲವು ಗಂಟೆ ತಂಪಿನಲ್ಲಿಟ್ಟು ಕಲಕುವುದೇ ಸರಿ. ಮದ್ಯ ಬಿದ್ದ ಬಟ್ಟಲನ್ನು ಬೇರೆ ಮೇಜಿನಲ್ಲಿಡಬೇಕು, ಹಣ್ಣೆಂದು ಮಕ್ಕಳ ಕೈ ಹೋಗುತ್ತದೆ. ಕರ್ನಾಟಕದ ಅಬಕಾರಿ ನಿಯಮದಂತೆ ಪರವಾನಗಿದಾರರು 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮಣಿಪಾಲದಲ್ಲಿ ಪದವಿಗೆ ಸೇರುವವರಲ್ಲಿ ಬಹುಪಾಲು ಆ ಗೆರೆಯ ಈಚೆಗೇ ಇರುವವರು.

ಈ ಸೀಮೆಯ ಹಣ್ಣುಗಳಲ್ಲಿ ಭರಣಿಗೆ ಹೆಚ್ಚು ಹಕ್ಕಿರುವುದು ಗೇರುಹಣ್ಣಿಗೆ. ಕಾರ್ಕಳ ಗೇರುಬೀಜದ ಕಾರ್ಖಾನೆಗಳ ಊರು. ಬೀಜ ಕಿತ್ತುಕೊಂಡ ಮೇಲೆ ಹಣ್ಣು ಮಾರ್ಚಿನಿಂದ ಮೇ ತನಕ ಗುಡ್ಡೆಗಳಲ್ಲಿ ರಾಶಿರಾಶಿ ಕೊಳೆಯುತ್ತದೆ. ಬಿದ್ದ ಹಣ್ಣು ಒಂದು ದಿನ ತಡೆಯುವುದಿಲ್ಲ. ಗೋವೆಯವರು ಅದರಿಂದಲೇ ಫೆನಿ ಇಳಿಸಿ 2009ರಲ್ಲಿ ಭೌಗೋಳಿಕ ಮಾನ್ಯತೆ ಪಡೆದರು. ನೆನೆಸಲು ತೊಡಕು ಅದರ ಒಗರು. ಗಂಟಲು ಕೆರೆಯುವ ಆ ಟ್ಯಾನಿನ್ ಮದ್ಯದಲ್ಲಿ ಚೆನ್ನಾಗಿ ಕರಗುವುದರಿಂದ, ಹಾಗೇ ಹಾಕಿದರೆ ಹಣ್ಣಿನ ಜೊತೆ ರಮ್ಮೂ ಒಗರಾಗುತ್ತದೆ. ಮೊದಲು ಹೋಳುಗಳನ್ನು ಉಪ್ಪುನೀರಿನಲ್ಲಿಟ್ಟು, ಸ್ವಲ್ಪ ಹೊತ್ತು ಹಬೆಯಲ್ಲಿ ಬೇಯಿಸಿ, ಆರಿಸಿ, ಆಮೇಲೆ ಸಕ್ಕರೆಯೊಡನೆ ಭರಣಿಗೆ ಹಾಕಬೇಕು. ನೀರಿನ ಪಾಲು ಅನಾನಸಿನಷ್ಟೇ ಇರುವುದರಿಂದ ಅಳತೆಯೂ ಅದೇ, ಹಣ್ಣಿನ ತೂಕಕ್ಕೆ ಸರಿಸಮ ಮದ್ಯ. ಏಪ್ರಿಲಿನಲ್ಲಿ ಮುಚ್ಚಿದ ಭರಣಿ ಮಳೆಗಾಲವನ್ನೂ ದಾಟಿ ಡಿಸೆಂಬರಿಗೆ ಸಿಗುತ್ತದೆ.